ಪ್ಯಾಕೇಜಿನ ಮೇಲೊಂದು ಸಂಖ್ಯೆ

1993ರಲ್ಲಿ ಇಯಾನ್ ಮುರ್ಡಾಕ್ ಆರಂಭಿಸಿದ, ಇಂದಿಗೂ ಸ್ವಯಂಸೇವಕರೇ ನಡೆಸುತ್ತಿರುವ ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಯಲ್ಲಿ ಗುಬ್ಬಿ, ನವಿಲು ಮೊದಲಾದ ಕನ್ನಡ ಫಾಂಟ್‌ಗಳು ಪ್ಯಾಕೇಜ್‌ಗಳ ರೂಪದಲ್ಲಿ, ಎಂದರೆ ಕಡತಗಳನ್ನೂ ಅವುಗಳನ್ನು ಅಳವಡಿಸುವ ಸೂಚನೆಗಳನ್ನೂ ಒಟ್ಟಿಗೆ ಕಟ್ಟಿದ ರೂಪದಲ್ಲಿ, ದೊರೆಯುತ್ತವೆ. ಯಾವ ಕಡತ ಎಲ್ಲಿರಬೇಕು, ಪರವಾನಗಿಯ ವಿವರ ಹೇಗಿರಬೇಕು ಎಂಬುದನ್ನು ಗೊತ್ತುಪಡಿಸುವ ಡೆಬಿಯನ್ ನಿಯಮಾವಳಿಯು ಆಗಾಗ ಪರಿಷ್ಕಾರಗೊಳ್ಳುವುದರಿಂದ, ತಾನು ಅದರ ಯಾವ ಆವೃತ್ತಿಗೆ ಅನುಗುಣವಾಗಿದೆ ಎಂಬುದನ್ನು ಪ್ರತಿ ಪ್ಯಾಕೇಜಿನ ಮೂಲವೂ ‘ಸ್ಟ್ಯಾಂಡರ್ಡ್ಸ್-ವರ್ಷನ್’ ಎಂಬ ಸಾಲಿನಲ್ಲಿ ನಮೂದಿಸಬೇಕು.

ಈ ನಮೂದಿನ ಅಗತ್ಯವನ್ನೇ ಪ್ರಶ್ನಿಸಲು ಕಾರಣವಿದೆ. ಅಲ್ಲಿ 4.6.2 ಎಂದಿದ್ದರೂ 4.7.0 ಎಂದಿದ್ದರೂ ಕಂಪ್ಯೂಟರು ಫಾಂಟನ್ನು ಒಂದೇ ರೀತಿ ಅಳವಡಿಸಿಕೊಳ್ಳುತ್ತದೆ; ಹಳೆಯ ಸಂಖ್ಯೆಯನ್ನು ಉಳಿಸಿಕೊಂಡ ಮಾತ್ರಕ್ಕೆ ಹೊಸ ನಿಯಮದಿಂದ ವಿನಾಯಿತಿಯೂ ಸಿಗುವುದಿಲ್ಲ. ಮೇಲಾಗಿ, ಸಂಖ್ಯೆ ಹಳತಾಗಿದೆಯೆಂದು ಲಿಂಟಿಯನ್ ಎಂಬ ತಪಾಸಣಾ ತಂತ್ರಾಂಶ ಎಚ್ಚರಿಸಿದಾಗ, ಬದಲಾವಣೆಗಳ ಪಟ್ಟಿಯನ್ನು ತೆರೆದೂ ನೋಡದೆ ಅಂಕಿಯನ್ನಷ್ಟೇ ತಿದ್ದುವ ನಿರ್ವಾಹಕರನ್ನು ತಡೆಯುವ ಉಪಾಯವೇನೂ ಇಲ್ಲ.

ಇದಕ್ಕೆ ಪ್ರತಿಯಾಗಿ, ಕನ್ನಡ ಫಾಂಟಿನ ಒಡಲಲ್ಲೇ ಸುಳ್ಳು ಹೇಳಿ ದಕ್ಕಿಸಿಕೊಳ್ಳಲಾಗದ ಇನ್ನೊಂದು ಘೋಷಣೆ ಇದೆ. ಓಪನ್‌ಟೈಪ್ ಫಾಂಟುಗಳಲ್ಲಿ ‘ಕೆ-ಎನ್-ಡಿ-ಎ’ ಎಂಬ ನಾಲ್ಕಕ್ಷರದ ಗುರುತು ಒತ್ತಕ್ಷರ ಜೋಡಣೆಯ ಹಳೆಯ ಕ್ರಮವನ್ನೂ, ‘ಕೆ-ಎನ್-ಡಿ-2’ ಎಂಬುದು ಹೊಸ ಕ್ರಮವನ್ನೂ ಸೂಚಿಸುತ್ತದೆ. ಹಾರ್ಫ್‌ಬಜ್‌ನಂಥ ಜೋಡಣಾ ತಂತ್ರಾಂಶವು ಅದನ್ನು ಓದಿ, ವ್ಯಂಜನವನ್ನೂ ಹಲಂತ ಚಿಹ್ನೆಯನ್ನೂ ಯಾವ ಅನುಕ್ರಮದಲ್ಲಿಟ್ಟು ಒತ್ತನ್ನು ಹುಡುಕಬೇಕೆಂದು ನಿರ್ಧರಿಸುತ್ತದೆ. ಫಾಂಟು ಒಂದು ಕ್ರಮವನ್ನು ಘೋಷಿಸಿ ಇನ್ನೊಂದರಂತೆ ರಚಿತವಾಗಿದ್ದರೆ, ಒತ್ತಕ್ಷರವೇ ಇಲ್ಲದ ‘ಭರಮಸಾಗರ’ ಸುರಕ್ಷಿತವಾಗಿ ಪಾರಾದರೂ, ಅದರ ಜಿಲ್ಲಾಕೇಂದ್ರವಾದ ‘ಚಿತ್ರದುರ್ಗ’ದ ತ್ರಕಾರ ಒಡೆದು ಕಾಣುವ ಸಂಭವವಿದ್ದು, ದೋಷವು ಓದುಗರ ಕಣ್ಣಿಗೇ ಬೀಳುತ್ತದೆ.

ಡೆಬಿಯನ್ನಿನ ಸಂಖ್ಯೆಗೆ ಇಂಥ ಪರೀಕ್ಷೆ ಇಲ್ಲವಾದರೂ ಅದನ್ನು ಕೈಬಿಡುವುದು ಸರಿಯೆನಿಸದು, ಏಕೆಂದರೆ ಅದು ಯೋಗ್ಯತಾಪತ್ರವಲ್ಲ, ಹಿಂದಿನ ತಪಾಸಣೆ ಎಲ್ಲಿಗೆ ನಿಂತಿತೆಂಬ ದಾಖಲೆ. ನಿಯಮಾವಳಿಯ 1999ರ 3.0.0 ಆವೃತ್ತಿಯಲ್ಲಿ ಕಡತಗಳ ಸ್ಥಾನನಿರ್ದೇಶನದ ಮಾನದಂಡವೇ ಬದಲಾದಾಗ, 2ರಿಂದ ಆರಂಭವಾಗುವ ಸಂಖ್ಯೆಯುಳ್ಳ ಪ್ಯಾಕೇಜನ್ನು ವಹಿಸಿಕೊಂಡ ಹೊಸಬರಿಗೆ ಪರಿಶೀಲನೆಯನ್ನು ಎಲ್ಲಿಂದ ಮುಂದುವರಿಸಬೇಕೆಂಬುದು ಆ ಒಂದು ಸಾಲಿನಿಂದಲೇ ತಿಳಿಯುತ್ತಿತ್ತು. ಆದರೆ ಹೆಚ್ಚಿನ ಬದಲಾವಣೆಗಳು ಫಾಂಟಿನಂಥ ಸರಳ ಪ್ಯಾಕೇಜಿಗೆ ಅನ್ವಯಿಸುವುದೇ ಇಲ್ಲವಾದ್ದರಿಂದ, ಪ್ರತಿ ಪರಿಷ್ಕಾರಕ್ಕೂ ಅದರ ನಿರ್ವಾಹಕರನ್ನು ಎಚ್ಚರಿಸುತ್ತ ಹೋಗುವುದಕ್ಕಿಂತ, ಬದಲಾದ ನಿಯಮವು ಆ ಪ್ಯಾಕೇಜನ್ನು ತಟ್ಟುವಾಗ ಮಾತ್ರ ಎಚ್ಚರಿಕೆ ಹೊರಡುವಂತೆ ತಪಾಸಣಾ ತಂತ್ರಾಂಶವನ್ನು ತಿದ್ದುವುದು ಹೆಚ್ಚು ಉಪಯುಕ್ತ.