ಗಂಜಿ ಮಿಕ್ಸಿಯಿಂದ ಬಾಯಿಗೆ ಬರುವಷ್ಟರಲ್ಲಿ

ಮಳೆಗಾಲದ ಲೋಣಾವಳಾದಲ್ಲಿ ಬಟ್ಟೆ ಒಣಗುವುದಿಲ್ಲ, ಉಪ್ಪು ನೀರೊಡೆಯುತ್ತದೆ, ಕಡಲೆಬೀಜಕ್ಕೆ ಬೂಷ್ಟು ಹಿಡಿಯುತ್ತದೆ. 600 ಮೀಟರಿಗೂ ಎತ್ತರದ ಈ ಘಟ್ಟದೂರಿನ ತಂಪು ಹಿತವೆಂದು ಪುಣೆ, ಮುಂಬೈಯ ಮಕ್ಕಳು ಹೆತ್ತವರನ್ನು ಸುತ್ತಲಿನ ವೃದ್ಧಾಶ್ರಮಗಳಲ್ಲಿ ಇರಿಸುತ್ತಾರೆ. ಬಂದವರು ಕೋಣೆ ನೋಡುತ್ತಾರೆ, ಬಾಲ್ಕನಿಯಿಂದ ಬೆಟ್ಟ ನೋಡುತ್ತಾರೆ. ಅಡುಗೆಮನೆಗೆ ಕಾಲಿಡುವವರು ಕಡಿಮೆ.

ನಾನಾದರೆ ಮೊದಲು ಮಿಕ್ಸಿಯ ಜಾರನ್ನು ನೋಡುತ್ತೇನೆ. ನುಂಗಲಾಗದ ಹಿರಿಯರಿಗೆ ಅನ್ನ, ಬೇಳೆ, ತರಕಾರಿ ಎಲ್ಲವೂ ಅದರಲ್ಲೇ ನುಣ್ಣಗಾಗುವುದು. ಬ್ಲೇಡಿನ ಅಡಿ, ಮುಚ್ಚಳದ ರಬ್ಬರಿನ ಸಂದಿಯಲ್ಲಿ ಬೆಳಗಿನ ಗಂಜಿ ಉಳಿದರೆ ರಾತ್ರಿಯ ಗಂಜಿಗೂ ಅದರ ಪಾಲು ಸೇರುತ್ತದೆ. ಒಬ್ಬೊಬ್ಬರಿಗೂ ಚಮಚದಲ್ಲಿ ನಿಧಾನವಾಗಿ ಉಣಿಸಬೇಕು. ಕೊನೆಯ ಹಾಸಿಗೆ ತಲುಪುವವರೆಗೆ ಪಾತ್ರೆ ಆರುತ್ತಲೇ ಇರುತ್ತದೆ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ರೋಗಾಣುಗಳು ಬೆಳೆಯುತ್ತವೆ. ಅನ್ನದಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಕುದಿಸಿದರೂ ಸಾಯವು. ಅನ್ನ ಆರಿ ಕೂತರೆ ಅವು ಮೊಳೆತು, ವಾಂತಿ ತರಿಸುವ ವಿಷ ಬಿಡುತ್ತವೆ. ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗದು. ಹಾಗಾಗಿ ಗಂಜಿಯನ್ನು ಸ್ವಲ್ಪ ಸ್ವಲ್ಪವಾಗಿ ರುಬ್ಬಿ, ಉಳಿದದ್ದನ್ನು ಬಿಸಿಯಾಗಿಯೇ ಇಡಬೇಕು.

ಎಂಬತ್ತರ ಅಜ್ಜಿಗೆ ಆಮ್ಲ ತಗ್ಗಿಸುವ ಮಾತ್ರೆ ನಡೆಯುತ್ತಿದ್ದರೆ ಜಠರದ ಕಾವಲೂ ಸಡಿಲ. ಸೋಂಕು ತಗುಲಿದಾಗ ಜ್ವರವೇ ಬಾರದಿರಬಹುದು. ಮಂಪರು, ಗೊಂದಲ, ಊಟ ಬೇಡವೆನ್ನುವುದೇ ಲಕ್ಷಣ. ‘ವಯಸ್ಸಾಯಿತಲ್ಲ’ ಎಂದು ಕೈಬಿಡುವಷ್ಟರಲ್ಲಿ ಮೈಯ ನೀರು ಬತ್ತಿರುತ್ತದೆ.

ಗಂಜಿಯಷ್ಟೇ ನೀರನ್ನೂ ಗಮನಿಸಬೇಕು. ಆ ಪಾಠ ಪುಣೆಗೆ 2025ರ ಜನವರಿಯಲ್ಲೇ ಸಿಕ್ಕಿತು. ಸಿಂಹಗಡ ರಸ್ತೆ, ಕಿರ್ಕಟವಾಡಿ, ನಾಂದೇಡ್ ಗ್ರಾಮದ ಕಡೆ ಗಿಯಾನ್ ಬಾರೆ ಸಿಂಡ್ರೋಮ್ ಎಂಬ ನರರೋಗ ಹಬ್ಬಿ, ಶಂಕಿತರು ಕ್ರಮೇಣ 200 ದಾಟಿದರು. ಹಲವು ರೋಗಿಗಳ ಮಲದಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಬ್ಯಾಕ್ಟೀರಿಯಾ ಪತ್ತೆಯಾಯಿತು. ಅದು ಕಲುಷಿತ ನೀರಿನತ್ತ ಬೊಟ್ಟು ಮಾಡಿತು. ಅದೇ ಜಿಲ್ಲೆಯ ಲೋಣಾವಳಾದ ಯಾವ ಆಶ್ರಮವೂ ಟ್ಯಾಂಕರ್ ನೀರನ್ನು ಕಣ್ಣಂದಾಜಿನಲ್ಲಿ ಒಪ್ಪಿಕೊಳ್ಳಬಾರದು. ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿದೆಯೇ ಎಂದು ಪರೀಕ್ಷಿಸಬೇಕು.

ಅಡುಗೆಯವರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ, ಟೈಫಾಯ್ಡಿನಂಥ ರೋಗಗಳಿಗೆ ಲಸಿಕೆ ಬೇಕೆಂದು 2011ರ ಆಹಾರ ಸುರಕ್ಷತಾ ನಿಯಮಗಳ ನಾಲ್ಕನೆಯ ಅನುಸೂಚಿ ಹೇಳುತ್ತದೆ. ಪ್ರಮಾಣಪತ್ರ ಗೋಡೆಗೆ ತೂಗಿದರೆ ಸಾಲದು. ಭೇದಿಯಾದ ದಿನ ರಜೆ ಹಾಕಿದರೆ ಕೂಲಿ ಕಡಿತವಾಗುವುದಾದರೆ, ಅಡುಗೆಯವಳು ಹೊಟ್ಟೆನೋವು ಮುಚ್ಚಿಟ್ಟುಕೊಂಡೇ ಕೆಲಸಕ್ಕೆ ಬರುತ್ತಾಳೆ. ತಿಂಗಳ ಶುಲ್ಕ ಕಟ್ಟುವ ಮಕ್ಕಳು ಆಶ್ರಮದವರನ್ನು ಅವಳ ಸಂಬಳಸಹಿತ ರಜೆಯ ಬಗ್ಗೆಯೂ ಕೇಳಬೇಕು.