ಕಂಪ್ಯೂಟರಿನೊಳಗಿನ ಮಂಜುಗಡ್ಡೆ ಯಾಕೆ ಕರಗಿತು?



ಮಂಜುಗಡ್ಡೆ ಎಷ್ಟು ಡಿಗ್ರಿಯಲ್ಲಿ ಕರಗುತ್ತದೆ ಅಂತ ಕೇಳಿದರೆ ಐದನೇ ಕ್ಲಾಸಿನವರೂ ಸೊನ್ನೆ ಅಂತಾರೆ. ಆದರೆ ಕಂಪ್ಯೂಟರಿನೊಳಗೆ ಮಾಡಿದ ಒಂದು ಮಂಜುಗಡ್ಡೆ ಸೊನ್ನೆಗಿಂತ 127 ಡಿಗ್ರಿ ಕೆಳಗೇ ಕರಗುತ್ತದಂತೆ! ವಿಜ್ಞಾನದ ಮೇಷ್ಟ್ರು ಹೀಗಂದಾಗ ನಾನು ಎದ್ದು ನಿಂತು, "ಕಂಪ್ಯೂಟರ್ ತಪ್ಪು ಮಾಡೋದಿಲ್ಲ ಸಾರ್" ಅಂದೆ. ಕ್ಲಾಸೆಲ್ಲ ನಕ್ಕಿತು. ಮೇಷ್ಟ್ರು ಮಾತ್ರ ನಗದೆ, "ಯಾಕೆ ಹಾಗಾಗುತ್ತೆ ಅಂತ ತಿಳ್ಕೊಂಡು ಗೋಡೆ ಪತ್ರಿಕೆಗೆ ನೀನೇ ಬರಿ" ಅಂದರು. ಅದಕ್ಕೇ ಈ ಲೇಖನ.

ಮೊದಲು ನಿಜವಾದ ಮಂಜುಗಡ್ಡೆ ನೋಡೋಣ. ನೀರಿನ ಒಂದು ಅಣುವಿನಲ್ಲಿ ಒಂದು ಆಮ್ಲಜನಕ, ಎರಡು ಜಲಜನಕ ಪರಮಾಣು ಇವೆ. ಒಬ್ಬ ಹುಡುಗನನ್ನೇ ಅಣು ಅಂತ ತಿಳಿಯಿರಿ. ಅವನ ಎರಡು ಕೈಗಳೇ ಜಲಜನಕ. ಆ ಕೈಗಳನ್ನು ಬೇರೆ ಇಬ್ಬರ ಹೆಗಲ ಮೇಲೆ ಇಡುತ್ತಾನೆ. ಅವನ ಎರಡು ಹೆಗಲ ಮೇಲೆ ಇನ್ನಿಬ್ಬರು ಕೈ ಇಡುತ್ತಾರೆ. ಹೀಗೆ ಒಬ್ಬೊಬ್ಬನಿಗೂ ನಾಲ್ಕು ಜನರ ನಂಟು. ಇದಕ್ಕೆ ಜಲಜನಕ ಬಂಧ ಅಂತ ಹೆಸರು. ಮಂಜುಗಡ್ಡೆಯಲ್ಲಿ ಅಣುಗಳು ಆರಾರು ಸೇರಿ ಜೇನುಹಟ್ಟಿನ ಕಣ್ಣುಗಳ ಹಾಗೆ ಉಂಗುರ ಕಟ್ಟುತ್ತವೆ. ಆಟದ ಪೀರಿಯಡ್ಡಿನಲ್ಲಿ ನಾವು ಆರು ಜನ ಕೈ ಚಾಚಿ ನಿಂತು ನೋಡಿದೆವು. ನಡುವೆ ಜಾಗ ಖಾಲಿ ಉಳಿಯಿತು. ಕೈ ಬಿಟ್ಟ ಕೂಡಲೇ ಎಲ್ಲರೂ ಒತ್ತೊತ್ತಾಗಿ ಬಂದೆವು. ಅದಕ್ಕೇ ಒಂದು ಲೀಟರ್ ನೀರು ಸುಮಾರು 1000 ಗ್ರಾಂ ತೂಗಿದರೆ, ಅಷ್ಟೇ ಜಾಗ ಹಿಡಿಯುವ ಮಂಜುಗಡ್ಡೆ 917 ಗ್ರಾಂ ಮಾತ್ರ. ಆದ್ದರಿಂದ ಅದು ತೇಲುತ್ತದೆ.

ಈಗ ಕಂಪ್ಯೂಟರಿನ ನೀರು. ಅದರಲ್ಲಿ ಕೈ ಅದ್ದಿದರೆ ಒದ್ದೆ ಆಗೋದಿಲ್ಲ, ಯಾಕಂದ್ರೆ ಅದು ಬರೀ ಅಂಕಿ! ಪ್ರತಿ ಅಣು ಎಲ್ಲಿದೆ, ಯಾವ ಕಡೆ ಓಡುತ್ತಿದೆ, ಪಕ್ಕದ ಅಣು ಅದನ್ನು ಎಷ್ಟು ಎಳೆಯುತ್ತದೆ ಅಂತ ಲೆಕ್ಕ ಹಾಕಿ ಅಣುವನ್ನು ಒಂದು ಚೂರು ಸರಿಸುತ್ತಾರೆ. ಆಮೇಲೆ ಮತ್ತೆ ಲೆಕ್ಕ. ಒಂದರ ಮುಂದೆ ಹದಿನೈದು ಸೊನ್ನೆ ಬರೆಯಿರಿ. ಒಂದು ಸೆಕೆಂಡನ್ನು ಅಷ್ಟು ಚೂರು ಮಾಡಿದರೆ ಒಂದೊಂದು ಹೆಜ್ಜೆ ಹೆಚ್ಚು ಕಡಿಮೆ ಅಂಥ ಒಂದು ಚೂರು. 1971ರಲ್ಲಿ 216 ಅಣುಗಳ ನೀರನ್ನು ಹೀಗೆ ಮೊದಲು ಓಡಿಸಿ ತೋರಿಸಿದವರು ಅಮೆರಿಕದಲ್ಲಿದ್ದ ಅನೀಸುರ್ ರೆಹಮಾನ್ ಮತ್ತು ಫ್ರಾಂಕ್ ಸ್ಟಿಲ್ಲಿಂಜರ್. ರೆಹಮಾನ್ ಹುಟ್ಟಿದ್ದು ನಮ್ಮ ದೇಶದ ಹೈದರಾಬಾದಿನಲ್ಲಿ. ಇದು ನನಗೆ ಬಹಳ ಸಂತೋಷ ಕೊಟ್ಟಿತು.

ತಪ್ಪು ಎಲ್ಲಿ ಬಂತು ಅಂದ್ರೆ, ಅಣುವಿನ ಗೊಂಬೆಯಲ್ಲಿ. ಲೆಕ್ಕ ಸುಲಭವಾಗಲಿ ಅಂತ ಅಣುವಿನ ಬದಲು ಸಾದಾ ಗೊಂಬೆ ಇಡುತ್ತಾರೆ. ಕಂಪ್ಯೂಟರಿಗೆ ನೀರು ಗೊತ್ತಿಲ್ಲ, ಆ ಗೊಂಬೆ ಮಾತ್ರ ಗೊತ್ತು. 1983ರಲ್ಲಿ ಬಂದ ಟಿಪ್-3ಪಿ ಎಂಬ ಗೊಂಬೆಯಲ್ಲಿ ಎರಡು ಜಲಜನಕಗಳ ಮೇಲೆ ಧನ ಆವೇಶ, ಆಮ್ಲಜನಕದ ಮೇಲೆ ಋಣ ಆವೇಶ. 127 ಡಿಗ್ರಿ ಕೆಳಗೆ ಕರಗುವುದು ಇದರದೇ ಮಂಜುಗಡ್ಡೆ. ಅದೇ ವರ್ಷದ ಟಿಪ್-4ಪಿ ಗೊಂಬೆಯಲ್ಲಿ ಋಣ ಆವೇಶವನ್ನು ಆಮ್ಲಜನಕದಿಂದ ಜಲಜನಕಗಳ ಕಡೆಗೆ ಒಂಚೂರು ಸರಿಸಿಟ್ಟಿದ್ದಾರೆ. ಅಷ್ಟಕ್ಕೇ ಅಣುಗಳು ಒಂದನ್ನೊಂದು ಹಿಡಿಯುವ ರೀತಿ ಬದಲಾಗಿ, ಕರಗುವುದು ಸೊನ್ನೆಗಿಂತ 41 ಡಿಗ್ರಿ ಕೆಳಗೆ ಅಂತಾಯಿತು!

ಇನ್ನೂ ಒಂದು ತಮಾಷೆ ಇದೆ. ಮಂಜುಗಡ್ಡೆಯಲ್ಲಿ ಇಪ್ಪತ್ತರ ಹತ್ತಿರ ಜಾತಿಗಳಿವೆ. ಐಸ್-2 ಎಂಬ ಜಾತಿ ಆಗಬೇಕಾದರೆ ಸಾವಿರಾರು ಪಟ್ಟು ಗಾಳಿಯ ಒತ್ತಡ ಬೇಕು, ಅದು ನೀರಿಗಿಂತ ಭಾರ. ಆದರೆ ಟಿಪ್-3ಪಿ ಲೆಕ್ಕದಲ್ಲಿ ಸಾಧಾರಣ ಒತ್ತಡದಲ್ಲೂ ಐಸ್-2 ಹೆಚ್ಚು ಗಟ್ಟಿಯಾಗಿ ನಿಲ್ಲುತ್ತದೆ, ನಮ್ಮ ತೇಲುವ ಮಂಜುಗಡ್ಡೆ ಸೋಲುತ್ತದೆ. ಅಂದರೆ ಆ ಲೋಕದಲ್ಲಿ ಮಂಜುಗಡ್ಡೆ ಮುಳುಗಬೇಕಿತ್ತು.

ಕರಗುವ ಡಿಗ್ರಿಯನ್ನು ಹೇಗೆ ಹುಡುಕುತ್ತಾರೆ ಗೊತ್ತಾ? ಬರೀ ಮಂಜುಗಡ್ಡೆ ಇಟ್ಟು ಕಾಯಿಸಿದರೆ ಮೋಸ ಹೋಗುತ್ತಾರೆ. ಅಂಚೇ ಇಲ್ಲದ ಮಂಜುಗಡ್ಡೆಗೆ ಎಲ್ಲಿಂದ ಕರಗಲು ಶುರು ಮಾಡಬೇಕು ಅಂತ ತಿಳಿಯದೆ, ಕರಗಬೇಕಾದ ಡಿಗ್ರಿ ದಾಟಿದರೂ ಹಾಗೇ ಕೂತಿರುತ್ತದೆ. ಅದಕ್ಕೆ ಅರ್ಧ ಮಂಜುಗಡ್ಡೆ, ಅರ್ಧ ನೀರು ಪಕ್ಕಪಕ್ಕ ಇಡುತ್ತಾರೆ. ಮಂಜುಗಡ್ಡೆ ಬೆಳೆದರೆ ಇನ್ನೂ ಚಳಿ ಜಾಸ್ತಿ, ನೀರು ಬೆಳೆದರೆ ಬಿಸಿ ಜಾಸ್ತಿ. ಎರಡೂ ಗೆಲ್ಲದಿದ್ದರೆ ಅದೇ ಡಿಗ್ರಿ. ನನಗೆ ಹಗ್ಗ ಜಗ್ಗಾಟ ನೆನಪಾಯಿತು.

2005ರಲ್ಲಿ ಸ್ಪೇನ್ ದೇಶದ ಮ್ಯಾಡ್ರಿಡ್ ನಗರದ ವಿಜ್ಞಾನಿಗಳು ಟಿಪ್-4ಪಿಯ ಆವೇಶ ಹೆಚ್ಚಿಸಿ, ಅಳತೆ ತಿದ್ದಿ, ಟಿಪ್-4ಪಿ/ಐಸ್ ಎಂಬ ಗೊಂಬೆ ಮಾಡಿದರು. ಇದರ ಮಂಜುಗಡ್ಡೆ ಸೊನ್ನೆಯ ಹತ್ತಿರ ಹತ್ತಿರವೇ ಕರಗುತ್ತದೆ. ಆದರೆ ಅವರೇ ಅದೇ ವರ್ಷ ನೀರಿನ ತೂಕ ಸರಿಯಾಗಿ ಬರಲಿ ಅಂತ ಮಾಡಿದ ಇನ್ನೊಂದು ಗೊಂಬೆಯಲ್ಲಿ ಕರಗುವುದು ಸೊನ್ನೆಗಿಂತ ಇಪ್ಪತ್ತಕ್ಕೂ ಹೆಚ್ಚು ಡಿಗ್ರಿ ಕೆಳಗೆ! ಒಂದನ್ನು ಸರಿ ಮಾಡಿದರೆ ಇನ್ನೊಂದು ಜಾರುತ್ತದೆ.

ಇಷ್ಟೆಲ್ಲ ಯಾಕೆ ಬೇಕು ಅಂತ ನನ್ನ ಪಕ್ಕದಲ್ಲಿ ಕೂರುವವಳು ಕೇಳಿದಳು. ಬೇಸಿಗೆ ಮಳೆಯಲ್ಲಿ ಆಲಿಕಲ್ಲು ಬಿದ್ದು ಅವರ ಟೊಮೇಟೊ ಎಲ್ಲಾ ಹಾಳಾಗಿತ್ತು. ಆ ಕಲ್ಲೂ ಮೋಡದೊಳಗೆ ಕಣ್ಣಿಗೆ ಕಾಣದ ಮಂಜಿನ ಹರಳಾಗಿಯೇ ಶುರುವಾಗುತ್ತದೆ. ಮೋಡದ ಹನಿಗಳು ಸೊನ್ನೆಗಿಂತ ಕೆಳಗೆ ಹೋದರೂ ಎಷ್ಟೋ ಸಲ ನೀರಾಗಿಯೇ ಇರುತ್ತವೆ. ಮೊದಲ ಹರಳು ಹುಟ್ಟುವುದನ್ನು ಯಾರೂ ಕಣ್ಣಲ್ಲಿ ನೋಡಲಾರರು, ಲೆಕ್ಕದಲ್ಲೇ ನೋಡಬೇಕು. 2002ರಲ್ಲಿ ಜಪಾನಿನವರು 512 ಅಣುಗಳ ನೀರು ಕಂಪ್ಯೂಟರಿನಲ್ಲಿ ತಾನೇ ಹೆಪ್ಪುಗಟ್ಟುವುದನ್ನು ತೋರಿಸಿದರು. ಗೊಂಬೆಯೇ ತಪ್ಪಾಗಿದ್ದರೆ ಆ ಹರಳಿನ ಲೆಕ್ಕವೂ ತಪ್ಪು ಅಂತ ಅವಳಿಗೆ ಹೇಳಿದೆ. "ಹಾಗಾದ್ರೆ ಬೇಗ ಸರಿ ಮಾಡ್ಲಿ" ಅಂದಳು.

— ಏಳನೇ ತರಗತಿ