‘ಮತ್ತು ಸಂಗಡಿಗರು’ ಅಂದ್ರೆ ಯಾರು?

ಊರ ಜಾತ್ರೆಯ ಕರಪತ್ರ ತೆಗೆದು ನೋಡಿ. ತಾಲ್ಲೂಕು ಸಾಹಿತ್ಯ ಸಮ್ಮೇಳನದ ಆಹ್ವಾನ ಪತ್ರಿಕೆ, ಮಾರನೇ ದಿನದ ಪೇಪರಿನ ವರದಿಯನ್ನೂ ನೋಡಿ. ಒಂದು ಸಾಲು ಇದ್ದೇ ಇರುತ್ತೆ: ‘ಜಾನಪದ ಗೀತೆ – ಇಂಥವರು ಮತ್ತು ಸಂಗಡಿಗರಿಂದ’. ಸೋಬಾನೆಯೋ ಕೋಲಾಟವೋ ಆದರೆ ಆ ಸಂಗಡಿಗರೆಲ್ಲ ಹೆಚ್ಚಾಗಿ ಹೆಂಗಸರೇ. ಹಾಡಿದ್ದು ಹತ್ತು ಜನ, ಅಚ್ಚಾದದ್ದು ಒಂದು ಹೆಸರು.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮದುವೆ ಮನೆಯಲ್ಲಿ ಸೋಬಾನೆ, ಭಜನೆಯಲ್ಲಿ ಕೈವಾರ ತಾತಯ್ಯನವರ ತತ್ವಪದ, ಹಬ್ಬಕ್ಕೆ ಕೋಲಾಟ. ಹಾಡೋ ಕೊರಳಿಗೆ ನಮ್ಮಲ್ಲಿ ಬರವಿಲ್ಲ. ಆದರೆ ಆ ಹೆಸರುಗಳು ಇಂಟರ್ನೆಟ್‌ನ ವಿಶ್ವಕೋಶಕ್ಕೆ ಬರಬೇಕಾದರೆ ಮೊದಲು ಎಲ್ಲಾದರೂ ಅಚ್ಚಾಗಿರಬೇಕು. ತೊಡಕು ಇರೋದೇ ಅಲ್ಲಿ.

ಸಂಪಾದನೋತ್ಸವ ಅಂದರೇನು?

ಕನ್ನಡ ವಿಕಿಪೀಡಿಯ ಶುರುವಾದದ್ದು 2003ರಲ್ಲಿ. ಈಗ ಅಲ್ಲಿ 30 ಸಾವಿರಕ್ಕೂ ಹೆಚ್ಚು ಲೇಖನಗಳಿವೆ. ಬರೆಯೋರು ನಮ್ಮ ನಿಮ್ಮಂಥವರೇ, ಸಂಬಳ ಇಲ್ಲ. ಹತ್ತಿಪ್ಪತ್ತು ಜನ ಒಂದೆಡೆ ಕೂತು, ಒಂದು ವಿಷಯ ಹಿಡಿದು ಲೇಖನ ಬರೆಯುವ ಕಾರ್ಯಕ್ರಮಕ್ಕೆ ಕನ್ನಡದ ವಿಕಿ ಬಳಗದವರು ಇಟ್ಟಿರುವ ಚೆಂದದ ಹೆಸರು ‘ಸಂಪಾದನೋತ್ಸವ’.

ಕಲಾವಿದೆಯರಿಗಾಗಿಯೇ ಇಂಥ ಉತ್ಸವ ಮಾಡುವ ‘ಆರ್ಟ್+ಫೆಮಿನಿಸಂ’ ಅನ್ನೋ ಅಭಿಯಾನ 2014ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿತು. ಆಗ ಇಂಗ್ಲಿಷ್ ವಿಕಿಪೀಡಿಯದ ವ್ಯಕ್ತಿಚಿತ್ರಗಳಲ್ಲಿ ಹೆಂಗಸರದ್ದು ನೂರಕ್ಕೆ 15ರ ಆಸುಪಾಸು ಇತ್ತು. ಹತ್ತು ವರ್ಷ ಇಂಥ ಅನೇಕ ಬಳಗಗಳು ಬರೆದ ಮೇಲೂ ಅದು ಏರಿದ್ದು 20ರ ಹತ್ತಿರಕ್ಕೆ. ಬರೆಯೋರು ಸೇರಿದ ಮಾತ್ರಕ್ಕೆ ಕೆಲಸ ಮುಗಿಯಲ್ಲ ಅನ್ನೋದಕ್ಕೆ ಇಷ್ಟು ಸಾಕು.

ನೊಬೆಲ್ ಬಂದರೂ ಪುಟ ಇರಲಿಲ್ಲ

ವಿಕಿಪೀಡಿಯದ ನಿಯಮ ಸರಳ. ಒಬ್ಬರ ಬಗ್ಗೆ ಲೇಖನ ಇರಬೇಕಾದರೆ ಅವರಿಗೆ ಸಂಬಂಧವಿಲ್ಲದವರು ಪತ್ರಿಕೆಯಲ್ಲೋ ಪುಸ್ತಕದಲ್ಲೋ ಅವರ ಬಗ್ಗೆ ಬರೆದಿರಬೇಕು. ‘ನಮ್ಮಜ್ಜಿ ಚೆನ್ನಾಗಿ ಹಾಡ್ತಾರೆ, ನಾನೇ ಕೇಳಿದೀನಿ’ ಅಂದರೆ ನಡೆಯಲ್ಲ.

2018ರ ಅಕ್ಟೋಬರ್‌ನಲ್ಲಿ ಭೌತವಿಜ್ಞಾನದ ನೊಬೆಲ್ ಪಡೆದ ಡೊನ್ನಾ ಸ್ಟ್ರಿಕ್‌ಲ್ಯಾಂಡ್ ಅವರಿಗೂ ಅಂದು ವಿಕಿಪೀಡಿಯದಲ್ಲಿ ಪುಟ ಇರಲಿಲ್ಲ. ಅದೇ ವರ್ಷ ಮೇ ತಿಂಗಳಲ್ಲಿ ಯಾರೋ ಬರೆದಿದ್ದ ಕರಡು, ಬೇರೆಯವರು ಬರೆದ ಆಧಾರ ಸಾಲದು ಅಂತ ತಿರಸ್ಕೃತವಾಗಿತ್ತು. ವಿಜ್ಞಾನಿಗೇ ಹೀಗಾದರೆ ಸೋಬಾನೆ ಹಾಡುವ ಮುನಿಯಮ್ಮನ ಗತಿ?

ಇನ್ನೊಂದು ಕಡೆ ನೋಡಿ. ಬಳ್ಳಾರಿ ಸೀಮೆಯ ದರೋಜಿ ಈರಮ್ಮನವರು ಓದು ಬರಹ ಕಲಿತವರಲ್ಲ. ಬುರ್ರಕಥೆಯ ದೊಡ್ಡ ದೊಡ್ಡ ಕಾವ್ಯಗಳು ಅವರಿಗೆ ಬಾಯಿಪಾಠ. 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು, ಆಮೇಲೆ ಹಂಪಿ ಕನ್ನಡ ವಿಶ್ವವಿದ್ಯಾಲಯದ ನಾಡೋಜ ಗೌರವ. ಪತ್ರಿಕೆಗಳು ಬರೆದವು. 2014ರಲ್ಲಿ ಅವರು ತೀರಿಕೊಂಡರೂ ವಿಕಿಪೀಡಿಯದಲ್ಲಿ ಅವರ ಬಗ್ಗೆ ಬರೆಯೋದು ಕಷ್ಟವಾಗಲಿಲ್ಲ. ನಮ್ಮ ಜಿಲ್ಲೆಯಲ್ಲೇ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಊರಿನ ಹೆಸರು ದೇಶಕ್ಕೆಲ್ಲ ಗೊತ್ತಾಯಿತು. ಕಲೆ ಮೊದಲೂ ಇತ್ತು. ಅದು ದಾಖಲೆಗೆ ಹತ್ತಿದ್ದು ಆಮೇಲೆ.

ಹುಡುಕೋದಾದರೆ ಹೀಗೆ ಹುಡುಕಿ

ಹಾಗಾಗಿ ನಮ್ಮ ನಾಲ್ಕು ಊರುಗಳಲ್ಲಿ ಸಂಪಾದನೋತ್ಸವ ಮಾಡೋದಾದರೆ ಮೊದಲ ದಿನ ಲ್ಯಾಪ್‌ಟಾಪ್ ಬೇಡ, ಲೈಬ್ರರಿಗೆ ಹೋಗಿ. ಹಳೇ ಪತ್ರಿಕೆಗಳು, ಸಮ್ಮೇಳನದ ಸ್ಮರಣ ಸಂಚಿಕೆಗಳು, ಜಾನಪದ ಅಕಾಡೆಮಿಯ ಪುಸ್ತಕಗಳನ್ನು ತೆರೆಯಿರಿ. ಮೂರು ವಿಷಯ ತಲೆಯಲ್ಲಿರಲಿ.

ಒಂದು, ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆದದ್ದು 2007ರಲ್ಲಿ. ಅದಕ್ಕಿಂತ ಹಳೆಯ ಪುಸ್ತಕದಲ್ಲಿ ಚಿಂತಾಮಣಿಯ ಕಲಾವಿದೆಯೂ ‘ಕೋಲಾರ ಜಿಲ್ಲೆ’ಯವರೇ. ಈಗಿನ ಜಿಲ್ಲೆಯ ಹೆಸರಲ್ಲಿ ಮಾತ್ರ ಹುಡುಕಿದರೆ ಅವರು ಸಿಗಲ್ಲ.

ಎರಡು, ನಮ್ಮ ಕಡೆ ಹಾಡು ಅರ್ಧ ತೆಲುಗು. ತಾತಯ್ಯನವರೇ ಎರಡೂ ಭಾಷೆಯಲ್ಲಿ ಹಾಡಿದವರು. ಆಧಾರ ತೆಲುಗಿನಲ್ಲಿದ್ದರೂ ಕನ್ನಡ ಲೇಖನಕ್ಕೆ ಬಳಸಬಹುದು. ಮನೆಯಲ್ಲಿ ತೆಲುಗು ಮಾತಾಡೋ ಗೆಳೆಯರಿದ್ದರೆ ಕರೆದುಕೊಂಡು ಹೋಗಿ.

ಮೂರು, ಹೆಸರಿನ ಗೊಂದಲ. ಒಂದೇ ಹೋಬಳಿಯಲ್ಲಿ ನಾಲ್ಕು ಲಕ್ಷ್ಮಮ್ಮ ಇರ್ತಾರೆ. ಮದುವೆಯಾದ ಮೇಲೆ ಊರೂ ಬದಲು, ಇನಿಷಿಯಲ್ಲೂ ಬದಲು. ಇಬ್ಬರನ್ನು ಒಬ್ಬರೇ ಅಂತ ಬರೆದುಬಿಟ್ಟರೆ ಆ ತಪ್ಪು ಎಲ್ಲೆಡೆ ಹರಡುತ್ತೆ. ತವರೂರು, ಗಂಡನ ಊರು ಎರಡನ್ನೂ ಗುರುತು ಹಾಕಿಕೊಳ್ಳಿ.

ಪ್ರತಿ ಆಧಾರಕ್ಕೂ ಪತ್ರಿಕೆಯ ಹೆಸರು, ದಿನಾಂಕ, ಪುಟ ಸಂಖ್ಯೆ ಬರೆದುಕೊಳ್ಳಿ. ಒಬ್ಬರಿಗೆ ಇಂಥ ಎರಡು ಮೂರು ಒಳ್ಳೆಯ ಆಧಾರ ಸಿಕ್ಕರೆ ಎರಡನೇ ದಿನ ಕೂತು ಬರೆಯಬಹುದು.

ಫೋನೇ ಸಾಕು

ಬರೆಯೋಕೆ ಫೋನು, ಕನ್ನಡ ಕೀಬೋರ್ಡು ಸಾಕು. ಖಾತೆಯನ್ನು ಮಾತ್ರ ಮನೆಯಲ್ಲೇ ತೆರೆದುಕೊಂಡು ಬನ್ನಿ. ಒಂದೇ ವೈಫೈನಿಂದ ದಿನಕ್ಕೆ ಆರಕ್ಕಿಂತ ಹೆಚ್ಚು ಹೊಸ ಖಾತೆಗೆ ಸಾಮಾನ್ಯವಾಗಿ ಅವಕಾಶ ಇರಲ್ಲ. ಎಷ್ಟೋ ಕಡೆ ಬೆಳಗಿನ ಹೊತ್ತು ಇದರಲ್ಲೇ ಕಳೆದುಹೋಗುತ್ತೆ. ಮೊದಲು ನಿಮ್ಮ ಪ್ರಯೋಗಪುಟದಲ್ಲಿ ಬರೆಯಿರಿ, ಅನುಭವ ಇರೋರಿಗೆ ತೋರಿಸಿ, ಆಮೇಲೆ ಪ್ರಕಟಿಸಿ. ‘ಗಾನಕೋಗಿಲೆ’, ‘ಅಪ್ರತಿಮ ಪ್ರತಿಭೆ’ ಅನ್ನೋ ಸನ್ಮಾನ ಪತ್ರದ ಭಾಷೆ ಬೇಡ. ಎಲ್ಲಿ ಹುಟ್ಟಿದರು, ಯಾರಿಂದ ಕಲಿತರು, ಏನು ಹಾಡಿದರು ಅಂತ ಹೇಳಿದರೆ ಸಾಕು. ಸ್ವಂತ ಅತ್ತೆ, ಅಮ್ಮನ ಬಗ್ಗೆಯಾದರೆ ಬೇರೆಯವರ ಕೈಲಿ ಬರೆಸಿ.

ಫೋಟೊ ಹಾಕೋದಿದ್ದರೆ ನೀವೇ ತೆಗೆದದ್ದಾಗಿರಲಿ, ವಾಟ್ಸಾಪ್‌ನಲ್ಲಿ ಬಂದದ್ದು ಬೇಡ. ವಿಕಿಮೀಡಿಯ ಕಾಮನ್ಸ್‌ಗೆ ಹಾಕಿದ ಚಿತ್ರವನ್ನು ಯಾರು ಬೇಕಾದರೂ ಬಳಸಬಹುದು ಅಂತ ಕಲಾವಿದೆಗೆ ಮೊದಲೇ ಹೇಳಿ, ಒಪ್ಪಿಗೆ ಕೇಳಿ.

ಆಧಾರವೇ ಸಿಗದಿದ್ದರೆ? ಆಗ ವಿಕಿಪೀಡಿಯಕ್ಕಿಂತ ಮುಂಚೆ ಆಗಬೇಕಾದ ಕೆಲಸ ಇದೆ ಅಂತ ಅರ್ಥ. ಊರಿನ ಪತ್ರಕರ್ತರಿಗೆ, ಜಾನಪದ ಓದಿಸುವ ಮೇಷ್ಟ್ರುಗಳಿಗೆ ಆ ಹೆಸರು ತಲುಪಿಸಿ. ಒಂದು ಸಂದರ್ಶನ, ಒಂದು ನುಡಿಚಿತ್ರ, ಒಂದು ಹಾಡಿನ ಸಂಗ್ರಹ ಅಚ್ಚಾಗಲಿ. ಎಪ್ಪತ್ತು ದಾಟಿದ ಕೊರಳುಗಳು ಹೆಚ್ಚು ದಿನ ಕಾಯೋಕಾಗಲ್ಲ. ಅವರು ಹೋದ ಮೇಲೆ ಆ ಹಾಡುಗಳನ್ನು ಕೇಳಿ ಬರೆದುಕೊಳ್ಳೋಕೂ ಯಾರೂ ಇರಲ್ಲ.

ಮುಂದಿನ ಸಲ ಊರ ಕಾರ್ಯಕ್ರಮದ ಆಹ್ವಾನ ಪತ್ರಿಕೆ ಟೈಪ್ ಮಾಡೋ ಕೆಲಸ ನಿಮ್ಮ ಪಾಲಿಗೆ ಬಂದರೆ ಎರಡು ಸಾಲು ಹೆಚ್ಚಾದರೂ ಪರವಾಗಿಲ್ಲ, ಸಂಗಡಿಗರ ಹೆಸರನ್ನೂ ಒಂದೊಂದಾಗಿ ಹಾಕಿ. ವರದಿ ಬರೆಯೋರ ಕೈಗೂ ಆ ಪಟ್ಟಿ ಕೊಡಿ.